ನೀಲಿ ದಾರದ ಸೀಲು

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಕಟ್ಟಡ ತಪಾಸಣೆಯ ಕಚೇರಿಗೆ ಸೇರಿದ ಹೊಸದರಲ್ಲಿ ಯಾರೋ ತಮಾಷೆಗೆ ಸುತ್ತಿಗೆಯಪ್ಪ ಎಂದರು. ಇಪ್ಪತ್ತಾರು ವರ್ಷ ಕಳೆದು, ಹೆಂಡತಿಯ ತವರಿನವರೂ ಹಾಗೇ ಕರೆಯತೊಡಗಿದಾಗ ಅವನು ನಿಜವಾದ ಹೆಸರಿನ ಆಸೆ ಬಿಟ್ಟ.

ಅವನ ಕೆಲಸ ಹೇಳಿದರೆ ನಂಬುವವರು ಕಡಿಮೆ. ಹಳೆಯ ಕಟ್ಟಡಗಳಿಗೆ ಹೋಗುವುದು, ಏಣಿ ಹತ್ತುವುದು, ಒಂದು ಸಣ್ಣ ಸುತ್ತಿಗೆಯಿಂದ ಚಾವಣಿಯನ್ನೂ ಬೀಮುಗಳನ್ನೂ ತಟ್ಟುತ್ತ ಹೋಗುವುದು. ಒಳಗೆ ಗಟ್ಟಿಯಿದ್ದರೆ ಕಾಂಕ್ರೀಟು ಟಣ್ ಎನ್ನುತ್ತದೆ. ಕಂಬಿ ತುಕ್ಕು ಹಿಡಿದು ಉಬ್ಬಿ, ಒಳಗೊಳಗೇ ಪದರ ಬಿಟ್ಟಿದ್ದರೆ ದಬ್ ಎನ್ನುತ್ತದೆ. ಟಣ್ ಎಂದ ಕಡೆ ಸೀಮೆಸುಣ್ಣದಲ್ಲಿ ಒಂದು ಸರಿ ಗುರುತು, ದಬ್ ಎಂದ ಕಡೆ ಒಂದು ಸೊನ್ನೆ. ದೊಡ್ಡ ಓದು ಓದಿ ಬಂದ ಇಂಜಿನಿಯರುಗಳೂ ಅವನು ಸೊನ್ನೆ ಬರೆದ ಜಾಗದ ಕೆಳಗೆ ನಿಲ್ಲುತ್ತಿರಲಿಲ್ಲ. ಗೋಡೆಗೂ ಕಿವಿ ಇರುತ್ತದೆ ಎಂಬುದು ಹಳೆಯ ಮಾತು, ನಮ್ಮಲ್ಲಿ ಗೋಡೆಗೆಂದೇ ಕಿವಿ ಇಟ್ಟುಕೊಂಡವನೊಬ್ಬ ಇದ್ದಾನೆ ಎಂದು ಕಚೇರಿಯ ಗುಮಾಸ್ತ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಸುತ್ತಿಗೆಯಪ್ಪನೂ ಜೊತೆಗೆ ನಗುತ್ತಿದ್ದ, ಹೊಗಳಿಕೆ ಯಾರಿಗೆ ಬೇಡ?

ತಟ್ಟಿ ಬಂದ ಮೇಲೆ ವರದಿಗೆ ಸೀಲು ಹೊಡೆಯಬೇಕು. ಗುಮಾಸ್ತನ ಮೇಜಿನ ತಗಡಿನ ಡಬ್ಬಿಯಲ್ಲಿ ಎರಡು ಸೀಲುಗಳಿದ್ದವು, ಎರಡರಲ್ಲೂ ಇಂಗ್ಲಿಷ್. ಒಂದರ ಹಿಡಿಗೆ ನೀಲಿ ದಾರ ಸುತ್ತಿತ್ತು, ಅದರಲ್ಲಿ ಅಸೆಸ್ ಎಂಬ ಮಾತಿತ್ತು. ಅದು ತಟ್ಟಿ ನೋಡಿದ ಕಟ್ಟಡಕ್ಕೆ. ಇನ್ನೊಂದರ ಹಿಡಿಗೆ ಕೆಂಪು ದಾರ, ಅದರಲ್ಲಿ ಅಸರ್ಟೇನ್ ಎಂದಿತ್ತು. ಅದು ಗಾರೆ ಕೆತ್ತಿಸಿ, ಒಳಗಿನ ಕಂಬಿಯನ್ನು ಕಣ್ಣಾರೆ ಕಂಡ ಕಟ್ಟಡಕ್ಕೆ. ಇಂಗ್ಲಿಷ್ ಓದಲು ಬಾರದವರಿಗೆಂದೇ ಹಿಂದೆ ಯಾರೋ ಪುಣ್ಯಾತ್ಮರು ದಾರ ಸುತ್ತಿಟ್ಟಿದ್ದರು.

ಒಂಬತ್ತು ತಿಂಗಳ ಹಿಂದೆ ನೀಲಿ ದಾರದ ಸೀಲಿನ ರಬ್ಬರು ಕಿತ್ತು ಬಂತು. ಗುಮಾಸ್ತ ಅಂಟು ಹಾಕಿ ಕೂರಿಸಿದ, ಅಂಟು ಅಕ್ಷರಗಳೊಳಗೆಲ್ಲ ತುಂಬಿ ಓದಲು ಬಾರದಂತಾಯಿತು. ಹೊಸ ಸೀಲು ಬೇಕೆಂದು ಮೂರು ಸಲ ಬರೆದದ್ದಾಯಿತು, ಮೂರು ಸಲವೂ ಮೇಲಿನಿಂದ ಉತ್ತರವಿಲ್ಲ. ಅಲ್ಲಿಯವರೆಗೆ ಕೆಂಪು ದಾರದ್ದನ್ನೇ ಹೊಡೆ, ಎರಡೂ ನೋಡೋದಕ್ಕೆ ಒಂದೇ ಥರ ಇವೆ, ಯಾರು ಭೂತಗನ್ನಡಿ ಹಿಡಿದು ಓದುತ್ತಾರೆ ಎಂದ ಗುಮಾಸ್ತ. ಮೊದಲ ದಿನ ಕೈ ಸ್ವಲ್ಪ ತಡೆಯಿತು. ಆಮೇಲೆ ರೂಢಿಯಾಯಿತು. ಅಷ್ಟೇ ಅಲ್ಲ, ಕೆಂಪು ಸೀಲು ಬಿದ್ದ ವರದಿಯನ್ನು ಯಾರೂ ಮತ್ತೆ ಕೆದಕಿ ಕೇಳುತ್ತಿರಲಿಲ್ಲ. ಅದು ಸುತ್ತಿಗೆಯಪ್ಪನಿಗೆ ಬಹಳ ಅನುಕೂಲವಾಗಿತ್ತು. ಯಾಕೆಂದರೆ ಅಷ್ಟರಲ್ಲಿ ಅವನ ಕಿವಿ ಕೈಕೊಡಲು ಶುರುಮಾಡಿತ್ತು.

ಇದು ಅವನೊಬ್ಬನಿಗೇ ಗೊತ್ತಿರುವ ವಿಷಯ ಎಂದು ಅವನು ತಿಳಿದಿದ್ದ. ಕಚೇರಿಯಲ್ಲಿ ಕುರ್ಚಿಯನ್ನು ಗೋಡೆಯ ಇನ್ನೊಂದು ಬದಿಗೆ ಎಳೆದುಕೊಂಡ, ಬಲಗಿವಿ ಜನರ ಕಡೆಗಿರಲಿ ಎಂದು. ಎಲ್ಲರೂ ನಕ್ಕಾಗ ನಗುತ್ತಿದ್ದ. ಮನೆಯಲ್ಲಿ ಕುಕ್ಕರಿನ ಸೀಟಿ ಎಷ್ಟಾಯಿತು ಎಂದು ಹೆಂಡತಿ ಕೇಳಿದರೆ, ನಾನೇನು ಅದನ್ನು ಎಣಿಸೋದಕ್ಕೆ ಹುಟ್ಟಿದ್ದೀನಾ ಎಂದು ಸಿಡುಕುತ್ತಿದ್ದ. ಅವಳು ಟಿವಿಯ ಧ್ವನಿಯನ್ನು ಪಕ್ಕದ ಮನೆಯವರು ಬಂದು ಹೇಳುವ ಮೊದಲೇ ತಗ್ಗಿಸುವುದನ್ನು ಕಲಿತು ವರ್ಷವಾಗಿತ್ತು.

ಒಂದು ಸಲ ಕಿವಿ ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತೋರಿಸಿದರೆ ಗೊತ್ತಾಗಿಬಿಡುತ್ತದಲ್ಲ! ಗೊತ್ತಾಗದಿರುವವರೆಗೆ ಅದು ಶೀತ, ವಯಸ್ಸು, ಗುಗ್ಗೆ, ಏನು ಬೇಕಾದರೂ ಆಗಬಹುದು. ಅಷ್ಟರಲ್ಲಿ ಕೆಲಸ ನಡೆಯಬೇಕಿತ್ತು, ಅದಕ್ಕೆ ಅವನೇ ಒಂದು ಉಪಾಯ ಮಾಡಿಕೊಂಡ. ಏಣಿಯ ಮೇಲೆ ನಿಂತು ತಟ್ಟಿದರೆ ಈಗೀಗ ಎಲ್ಲ ಕಡೆಯೂ ಶಬ್ದ ಮಂಕಾಗಿ ಕೇಳುತ್ತಿತ್ತು. ಊರಿನ ಬೀಮುಗಳೆಲ್ಲ ಒಟ್ಟಿಗೇ ಹಾಳಾಗಲು ಸಾಧ್ಯವೇ? ಹಾಗಾದರೆ ಇದು ಬೀಮಿನ ದೋಷವಲ್ಲ, ಕಿವಿಯದ್ದು. ಅಂದಮೇಲೆ ಕೇಳಿದ ಶಬ್ದಕ್ಕೆ ಸ್ವಲ್ಪ ಟಣ್ ಅನ್ನು ತಾನೇ ಕೂಡಿಸಿಕೊಂಡರಾಯಿತು. ಹೀಗೆ ತನ್ನ ಕಿವಿಯ ಪಾಲನ್ನು ತಾನೇ ಕಳೆದು ಕೂಡಿಸಿ ಸರಿ ಗುರುತು ಹಾಕುತ್ತ ಒಂಬತ್ತು ತಿಂಗಳಲ್ಲಿ ನಲವತ್ತೊಂದು ಕಟ್ಟಡಗಳನ್ನು ಮುಗಿಸಿದ್ದ.

ನಲವತ್ತೊಂದನೆಯದು ಮಗಳು ಕೆಲಸ ಮಾಡುವ ಹೊಲಿಗೆ ಕಾರ್ಖಾನೆ. ಎರಡು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ನಲವತ್ತು ಹೆಂಗಸರು ಹೊಲಿಯುತ್ತಿದ್ದರು, ಮೇಲೆ ಖಾಲಿ ಹಾಲು. ಮೆಷಿನುಗಳನ್ನು ಮೇಲಕ್ಕೆ ಸಾಗಿಸಿ, ಕೆಳಗಿನ ಜಾಗವನ್ನು ಬಟ್ಟೆ ಕತ್ತರಿಸುವವರಿಗೆ ಬಿಡುವುದೆಂದು ಮಾಲೀಕ ಯೋಚಿಸಿದ್ದ. ಕತ್ತರಿಸುವ ಮೇಜಿಗೆ ಮಗಳೇ ಮುಖ್ಯಸ್ಥೆ. ಬೆಳಕು ಚೆನ್ನಾಗಿದೆ ಎಂದು ಕಿಟಕಿಯ ಪಕ್ಕದ ಜಾಗವನ್ನು ಅವಳೇ ಆರಿಸಿಕೊಂಡಿದ್ದಳು.

ಶುಕ್ರವಾರ ಸಂಜೆ ಅವಳು ಕೈಯಲ್ಲಿ ವರದಿಯ ಪ್ರತಿ ಹಿಡಿದುಕೊಂಡೇ ಮನೆಗೆ ಬಂದಳು. ಮಾಲೀಕ ಅದನ್ನು ನೋಡಿ ಖುಷಿಯಾಗಿದ್ದಾನೆ, ಸೋಮವಾರ ಬೆಳಿಗ್ಗೆಯೇ ನಲವತ್ತು ಮೆಷಿನು ಮೇಲೆ ಹೋಗುತ್ತವೆ, ನಿಮ್ಮಪ್ಪನ ಸಹಿ ಎಂದು ಎಲ್ಲರ ಮುಂದೆ ಓದಿಸಿದ ಎಂದೆಲ್ಲ ಹೇಳಿದಳು. ಸುತ್ತಿಗೆಯಪ್ಪ ಚಹಾದ ಲೋಟದ ಹಿಂದೆ ಬೀಗುತ್ತಿದ್ದ. ಆಮೇಲೆ ಅವಳು ಬಲಗಡೆಯ ಕುರ್ಚಿಗೆ ಬಂದು ಕೂತು, ಧ್ವನಿ ತಗ್ಗಿಸಿ ಕೇಳಿದಳು.

"ಅಪ್ಪ, ಇದರಲ್ಲಿ ಅಸರ್ಟೇನ್ ಅಂತಿದೆ, ಮನೇಲಿ ಹೇಳ್ತಿದ್ದ ಕೆಂಪು ದಾರದ ಸೀಲು ಅಲ್ವಾ ಇದು? ಕೆತ್ತಿಸಿ ನೋಡಿದ್ದು ಯಾವಾಗ? ಒಂದು ಚೂರು ಗಾರೆನೂ ಕೆಳಗೆ ಬಿದ್ದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುತ್ತಿಗೆಯಪ್ಪನ ಕೈ ತಾನಾಗಿಯೇ ಕಿವಿಗೆ ಹೋಯಿತು. ನೀಲಿಯದು ಕಿತ್ತುಹೋಗಿದೆ, ಎರಡೂ ಒಂದೇ ಅಲ್ಲವೇ ಎಂದ. ಒಂದೇ ಅಲ್ಲ ಎಂದಳು ಮಗಳು. ನೀಲಿ ಸೀಲಿನ ವರದಿಯಾದರೆ ಭಾರ ಹಾಕುವ ಮುನ್ನ ಕೆತ್ತಿಸಿ ನೋಡಲೇಬೇಕು, ಕೆಂಪಾದರೆ ಬೇಕಿಲ್ಲ ಎಂದು ಮಾಲೀಕನೇ ಹೇಳಿದ್ದಾನಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಅದೇನು ಅಂಥ ವ್ಯತ್ಯಾಸ, ನನಗೂ ಅರ್ಥವಾಗುವ ಹಾಗೆ ಹೇಳು ಎಂದಳು.

"ನೀನು ಸಿಲಿಂಡರ್ ಎತ್ತಿ ಅಳ್ಳಾಡಿಸಿ, ಇನ್ನೂ ಎಂಟು ದಿನ ಬರುತ್ತೆ ಅಂತೀಯಲ್ಲಮ್ಮ, ಅದು ಅಸೆಸ್. ನೋಡಿ, ತೂಗಿ, ಹೀಗಿರಬಹುದು ಅನ್ನೋದು. ನಾಲ್ಕನೇ ದಿನಕ್ಕೇ ಒಲೆ ಆರಿಹೋಗುತ್ತೆ ನೋಡು, ಆಗ ಗೊತ್ತಾಗುತ್ತಲ್ಲ, ಅದು ಅಸರ್ಟೇನ್. ಹೀಗೇ ಇದೆ ಅಂತ ಕಂಡುಕೊಳ್ಳೋದು."

ಹೆಂಡತಿ ನಗಲಿಲ್ಲ. ಸಿಲಿಂಡರ್ ಖಾಲಿಯಾದರೆ ಪಕ್ಕದ ಮನೆಯಲ್ಲಿ ಅಡುಗೆ ಮಾಡಿಕೊಳ್ಳಬಹುದು, ಚಾವಣಿ ಹಾಗಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಮಾತಿನ ನಂತರ ಸುತ್ತಿಗೆಯಪ್ಪನಿಗೆ ಊಟ ಸೇರಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಒಂದೇ ಜಾಗ. ಆ ಕಾರ್ಖಾನೆಯ ಕೆಳಗಿನ ಹಾಲಿನಲ್ಲಿ ಏಳು ಬೀಮುಗಳು. ಏಳನೆಯದು ಕಿಟಕಿಯ ಬದಿಗೆ. ಅಲ್ಲಿ ತಟ್ಟಿದಾಗ ಶಬ್ದ ಉಳಿದವಕ್ಕಿಂತ ಒಂದು ಎಳೆ ಮಂಕಾಗಿತ್ತು. ಮತ್ತೆ ತಟ್ಟಿದ್ದ, ಮೂರನೆಯ ಸಲವೂ ತಟ್ಟಿದ್ದ. ಸೀಮೆಸುಣ್ಣ ಸೊನ್ನೆಯ ಕಡೆಗೆ ತಿರುಗಿತ್ತು ಕೂಡ. ಆಗ, ಇವತ್ತು ಬೆಳಿಗ್ಗೆಯಿಂದ ಕಿವಿ ಕಟ್ಟಿಕೊಂಡಿದೆಯಲ್ಲ ಎಂದು ನೆನಪಾಗಿ, ಸರಿ ಗುರುತು ಹಾಕಿ ಏಣಿ ಇಳಿದಿದ್ದ. ಕಿಟಕಿಯ ಬದಿ. ಬೆಳಕು ಚೆನ್ನಾಗಿದೆ ಎಂದು ಮಗಳು ಆರಿಸಿಕೊಂಡ ಜಾಗ.

ಆದರೂ ಬಾಯಿ ಬಿಡಲಿಲ್ಲ. ಮನುಷ್ಯನ ಮರ್ಯಾದೆ ಎಂಬುದು ಎಂಥ ಕೆಟ್ಟ ಪ್ರಾಣಿ ನೋಡಿ, ಮಗಳ ತಲೆಯ ಮೇಲೆ ಬೀಮು ತೂಗುತ್ತಿದ್ದರೂ ಅದು ಮೊದಲು ತನ್ನ ಮೂಗನ್ನು ಮುಟ್ಟಿಕೊಳ್ಳುತ್ತದೆ. ಅವನು ಮಗಳ ಹತ್ತಿರ ಕಾರ್ಖಾನೆಯ ಕೀಲಿ ಕೇಳಿದ. ಸುಮ್ಮನೆ ಇನ್ನೊಂದು ಸಲ ನೋಡಿ ಬರುತ್ತೇನೆ ಎಂದ. ಶನಿವಾರ ಕೆಲಸ ಶುರುವಾಗುವ ಮುನ್ನ, ಏಳು ಗಂಟೆಗೆ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೊರಟ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದೆ ಚಪ್ಪಲಿ ಮೆಟ್ಟಿಕೊಂಡಾಗಲೇ ಅವಳಿಗೆ ಎಲ್ಲ ಗೊತ್ತು ಎಂಬುದು ಅವನಿಗೆ ತಿಳಿಯಿತು.

ಹೊಲಿಗೆ ಹಾಲಿನಲ್ಲಿ ಮೆಷಿನುಗಳ ಮೇಲೆ ಬಟ್ಟೆ ಹೊದಿಸಿತ್ತು. ಅವುಗಳ ನಡುವೆ ಏಣಿ ನಿಲ್ಲಿಸಿ ಅವನು ಹತ್ತಿದ, ಹೆಂಡತಿ ಕೆಳಗೆ ಏಣಿ ಹಿಡಿದು ನಿಂತಳು. ಒಂದನೆಯ ಬೀಮಿನಿಂದ ಶುರುಮಾಡಿ ಎಲ್ಲವನ್ನೂ ತಟ್ಟಿದ. ಪ್ರತಿಯೊಂದಕ್ಕೂ ಹೇಗೆ ಕೇಳಿಸಿತು ಎಂದು ಕೇಳಿದ. ಅವಳು ಪಾಪ, ಪರೀಕ್ಷೆಗೆ ಕೂತವಳ ಹಾಗೆ ಕಣ್ಣು ಮುಚ್ಚಿಕೊಂಡು ಕೇಳಿ, ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತ ಬಂದಳು. ಏಳನೆಯದಕ್ಕೆ ಕಣ್ಣು ತೆರೆದು ಮೇಲೆ ನೋಡಿದಳು.

"ಇದು ಬೇರೆ ಥರ ಇದೆ ಅನ್ನಿಸುತ್ತೆ ರೀ," ಎಂದಳು.

"ಅನ್ನಿಸುತ್ತೋ, ಇದೆಯೋ?"

"ನನಗೇನು ಗೊತ್ತು? ಅನ್ನಿಸುತ್ತೆ ಅಷ್ಟೆ. ನೀವು ಮುಖ ಸಪ್ಪಗೆ ಮಾಡಿಕೊಂಡು ಕೇಳಿದ್ದಕ್ಕೆ ಹಾಗನ್ನಿಸಿತೋ ಏನೋ."

ಸುತ್ತಿಗೆಯಪ್ಪ ಏಣಿಯ ಮೇಲೇ ಕೂತುಬಿಟ್ಟ. ಅವನಿಗೆ ಅಳು ಬಂತು, ಸಿಟ್ಟೂ ಬಂತು. ಕಿವಿ ಕೆಟ್ಟವನ ಅಂದಾಜಿನ ಜೊತೆಗೆ ಕಿವಿ ಪಳಗದವಳ ಅಂದಾಜು ಸೇರಿಸಿದರೆ ಎರಡು ಅಂದಾಜಾಗುತ್ತದೆ, ಸತ್ಯವಾಗುವುದಿಲ್ಲ. ಇಡೀ ಊರಿನ ಕಿವಿ ತಂದು ಕಟ್ಟಿದರೂ ಆಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಅವನ ಅಪ್ಪ ಮಾತುಮಾತಿಗೂ ಹೇಳುತ್ತಿದ್ದರು, ಇವನೋ ಕಾಣದ್ದಕ್ಕೇ ಪ್ರಮಾಣ ಮಾಡಿ ಕೂತಿದ್ದ. ಹೆಂಡತಿ ಅವನ ಕಾಲನ್ನು ಮೆಲ್ಲಗೆ ತಟ್ಟಿ, ಇಳಿಯಿರಿ, ಆಫೀಸಿಗೆ ಹೋಗಿ ಹೇಳಿ ಎಂದಳು. ಅವನು ಇಳಿದ.

ವರದಿಗಳಿಗೆ ಮೇಲುಸಹಿ ಹಾಕುವ ಕಚೇರಿಯ ಮೇಡಂ ಈ ಜಾಗಕ್ಕೆ ಬಂದು ಐದು ತಿಂಗಳಾಗಿತ್ತು. ಅವನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಶನಿವಾರ ಮಧ್ಯಾಹ್ನದವರೆಗೆ ಮಾತ್ರ ಕೆಲಸವಾದ್ದರಿಂದ ಫೈಲುಗಳನ್ನು ಕಟ್ಟಿಡುತ್ತಿದ್ದರು. ಬಾಗಿಲ ಹೊರಗೆ ಅವನು ಎರಡು ಸಲ ಬಂದು ಎರಡು ಸಲ ಹಿಂದೆ ಹೋದ. ನಿವೃತ್ತಿಗೆ ಇನ್ನೆರಡು ವರ್ಷ. ಇಷ್ಟು ದಿನ ನಡೆದದ್ದು ಇನ್ನಷ್ಟು ದಿನ ನಡೆಯಲಾರದೇ? ಆ ಬೀಮು ಗಟ್ಟಿಯೇ ಇರಬಹುದಲ್ಲ? ಇರಬಹುದು. ಆ ಇರಬಹುದು ಎಂಬುದೇ ಅವನನ್ನು ಮೂರನೆಯ ಸಲ ಒಳಕ್ಕೆ ನೂಕಿತು.

ಸೀಲಿನ ಕತೆಯನ್ನು ಅವನು ಉದ್ದಕ್ಕೆ ಹೇಳಿದ, ಗುಮಾಸ್ತನ ಅಂಟಿನಿಂದ ಹಿಡಿದು. ಮೇಡಂ ಮೊದಲು ನಂಬಲಿಲ್ಲ. ನಾನು ಸಹಿ ಹಾಕಿದ್ದೆಲ್ಲ ಕೆತ್ತಿಸಿ ನೋಡಿದ ಕಟ್ಟಡಗಳು ಎಂದುಕೊಂಡಿದ್ದೆ ಎಂದರು, ಆಮೇಲೆ ಮುಖ ಬಿಳಿಚಿಕೊಂಡು, ನಾನೂ ಒಂದು ಮಾತು ಕೇಳಬೇಕಿತ್ತು ಎಂದರು. ಬಳಿಕ ಸಮಾಧಾನದ ದಾರಿಯೊಂದನ್ನೂ ಅವರೇ ಹುಡುಕಿಕೊಟ್ಟರು. ನಿಮ್ಮ ಕಿವಿ ಅಂದರೆ ಈ ಕಚೇರಿಯಲ್ಲಿ ಕಣ್ಣಿದ್ದ ಹಾಗೆ, ತಟ್ಟಿ ನೋಡಿ ಸರಿ ಎಂದಿದ್ದೀರಲ್ಲ, ಸೀಲನ್ನು ತಿದ್ದಿಸೋಣ, ಇಷ್ಟಕ್ಕೆ ಜನರನ್ನು ಹೆದರಿಸುವುದು ಬೇಡ ಎಂದರು. ಅಲ್ಲಿಗೆ ಅವನು ಎದ್ದು ಬರಬಹುದಿತ್ತು. ಕುರ್ಚಿಯಿಂದ ಅರ್ಧ ಎದ್ದೂ ಇದ್ದ.

"ಮೇಡಂ, ನನಗೆ ಒಂದು ವರ್ಷದಿಂದ ಕಿವಿ ಸರಿಯಾಗಿ ಕೇಳಿಸ್ತಿಲ್ಲ," ಎಂದ.

ಭಾನುವಾರ ಬೆಳಿಗ್ಗೆ ಇಬ್ಬರು ಕೆಲಸಗಾರರು ಉಳಿ, ಸುತ್ತಿಗೆ ಹಿಡಿದು ಬಂದರು. ಮಾಲೀಕ ಗೊಣಗುತ್ತ ಮೆಷಿನುಗಳನ್ನು ಒಂದು ಬದಿಗೆ ಸರಿಸಿದ. ಮಗಳು ಬಂದಿದ್ದಳು, ಮೇಡಂ ತಲೆಗೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಒಂದನೆಯ ಬೀಮಿನಲ್ಲಿ ಉಳಿ ಇಳಿಯಲೇ ಇಲ್ಲ, ಕಿಡಿ ಹಾರಿತು. ಎರಡನೆಯದರಲ್ಲಿ ಕಂಬಿ ಹೊಸದರ ಹಾಗೆ ಬೂದುಬಣ್ಣಕ್ಕಿತ್ತು. ಆರರವರೆಗೆ ಎಲ್ಲವೂ ಗಟ್ಟಿ. ಒಂದೊಂದು ಮುಗಿದಾಗಲೂ ಮಾಲೀಕ ಸುತ್ತಿಗೆಯಪ್ಪನ ಮುಖ ನೋಡುತ್ತಿದ್ದ, ಇದಕ್ಕಾ ಭಾನುವಾರ ಹಾಳುಮಾಡಿದ್ದು ಎಂಬಂತೆ. ಸುತ್ತಿಗೆಯಪ್ಪನಿಗೂ ಈಗ ಒಂದು ಕೆಟ್ಟ ಆಸೆ ಹುಟ್ಟಿತು. ಏಳನೆಯದೂ ಗಟ್ಟಿ ಇದ್ದುಬಿಡಲಿ, ನಗೆಪಾಟಲಾದರೂ ಪರವಾಗಿಲ್ಲ, ಮನಸ್ಸು ತುಂಬ ಬೈಸಿಕೊಂಡು ಮನೆಗೆ ಹೋಗುತ್ತೇನೆ.

ಏಳನೆಯದರ ಸರಿ ಗುರುತಿನ ಮೇಲೆ ಉಳಿ ಇಟ್ಟು ಕೆಲಸಗಾರ ಎರಡೇ ಏಟು ಹೊಡೆದ. ಸೀಮೆಸುಣ್ಣದ ಗುರುತಿನ ಸಮೇತ ಬಾಗಿಲಿನಷ್ಟು ಉದ್ದದ ಕಾಂಕ್ರೀಟಿನ ಪದರ ಕಳಚಿ ನೆಲಕ್ಕೆ ಬಿತ್ತು. ಒಳಗೆ ಕಂಬಿಗಳ ಜಾಗದಲ್ಲಿ ಕೆಂಪು ಹುಡಿ ಇತ್ತು. ಕೆಲಸಗಾರ ಬೆರಳಿನಿಂದ ಮುಟ್ಟಿದ, ಒಂದು ಕಂಬಿ ಬಿಸ್ಕತ್ತಿನಂತೆ ಮುರಿದು ಅವನ ಕೈಗೇ ಬಂತು. ಮಾಲೀಕ ತನ್ನಷ್ಟಕ್ಕೇ ಎರಡು ಹೆಜ್ಜೆ ಹಿಂದೆ ಸರಿದ. ಮಗಳು ತಾನು ಕತ್ತರಿಸುವ ಮೇಜು ಹಾಕಬೇಕಿದ್ದ ಜಾಗವನ್ನೇ ನೋಡುತ್ತಿದ್ದಳು. ಆಮೇಲೆ ಬಂದು ಅಪ್ಪನ ತೋಳು ಹಿಡಿದುಕೊಂಡಳು.

ಸೋಮವಾರ ಮೆಷಿನುಗಳು ಮೇಲೆ ಹೋಗಲಿಲ್ಲ. ಆದರೆ ಅವನ ಕಷ್ಟ ಅಲ್ಲಿಗೆ ಮುಗಿಯಲೂ ಇಲ್ಲ. ಮೇಡಂ ಉಳಿದ ನಲವತ್ತು ವರದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಅದರಲ್ಲಿ ಒಂದು ಶಾಲೆ, ಒಂದು ಗ್ರಂಥಾಲಯ, ಎರಡು ಆಸ್ಪತ್ರೆ ವಾರ್ಡುಗಳು, ಬಸ್ ನಿಲ್ದಾಣದ ಮಾಳಿಗೆ. ಎಲ್ಲವನ್ನೂ ಖಾಲಿ ಮಾಡಿಸಿ ಕೆತ್ತಿಸಬೇಕೆಂದರೆ ಮೇಲಿನವರು ಒಂದು ಆಧಾರ ಕೇಳುತ್ತಿದ್ದಾರೆ, ನನಗೆ ಕೇಳಿಸುವುದಿಲ್ಲ ಎಂದು ಮನುಷ್ಯ ತಾನೇ ಹೇಳಿದರೆ ಸಾಲದಂತೆ ಎಂದರು.

"ಬುಧವಾರ ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಕಿವಿ ಸರಿ ಇದೆ ಅಂತ ಬಂದ್ರೆ ಇದು ಒಂದೇ ಕಡೆ ಆದ ತಪ್ಪು, ಉಳಿದದ್ದು ಹಾಗೇ ಇರಲಿ ಅಂತಾರೆ. ಇಲ್ಲ ಅಂತ ಬಂದ್ರೆ ನಲವತ್ತೂ ಖಾಲಿ ಮಾಡಿಸಿ ಕೆತ್ತಿಸ್ತೀನಿ. ಆದರೆ ಸುತ್ತಿಗೆ ನಿಮ್ಮ ಕೈಲಿ ಇರೋದಿಲ್ಲ," ಎಂದರು. ಕೊನೆಯ ಮಾತನ್ನು ಹೇಳುವಾಗ ಅವರು ಫೈಲು ನೋಡುತ್ತಿದ್ದರು.

ಬುಧವಾರ ಅವನ ಜೊತೆಗೆ ಹೆಂಡತಿ ಬಂದಳು. ಆಸ್ಪತ್ರೆಯ ಮಹಡಿ ಹತ್ತುವಾಗ ಅವನ ಕೈ ರೂಢಿಯಂತೆ ಜೇಬಿನ ಸುತ್ತಿಗೆಗೆ ಹೋಯಿತು. ಅದನ್ನು ತೆಗೆದು ಅವಳ ಚೀಲಕ್ಕೆ ಹಾಕಿದ. ಇಪ್ಪತ್ತಾರು ವರ್ಷ ಅದರ ಹಿಡಿ ಅವನ ಅಂಗೈಗೆ ತಕ್ಕಂತೆ ಸವೆದಿತ್ತು. ಅದಿಲ್ಲದೆ ಕಚೇರಿಗೆ ಹೋದರೆ ಅವನನ್ನು ಏನೆಂದು ಕರೆಯುತ್ತಾರೆ? ಹಾಜರಿ ಪುಸ್ತಕ ತೆರೆದು ನೋಡಬೇಕಾಗುತ್ತದೆ.

ಪರೀಕ್ಷೆಯ ಕೋಣೆ ಬೀರುವಿನಷ್ಟೇ ಇತ್ತು. ಒಳಗೆಲ್ಲ ಮೆತ್ತನೆಯ ಹೊದಿಕೆ, ಒಂದು ಕುರ್ಚಿ, ಎದುರಿಗೆ ಒಂದು ಗಾಜು. ಗಾಜಿನ ಆಚೆ ಪರೀಕ್ಷೆ ಮಾಡುವ ಹೆಣ್ಣುಮಗಳು ಯಂತ್ರದ ಮುಂದೆ ಕೂತಿದ್ದಳು. ಅವನ ಎರಡೂ ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಿ ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಮೊದಲಿಗೆ ದಪ್ಪ ಶಬ್ದಗಳು ಬಂದವು, ಒತ್ತಿದ. ಆಮೇಲೆ ಶಬ್ದಗಳು ತೆಳುವಾಗುತ್ತ ಹೋದವು. ಆಮೇಲೆ ಏನೂ ಇಲ್ಲ.

ಆಗ ಅವನಿಗೆ ಒಂದು ವಿಷಯ ಕಂಡಿತು. ಗಾಜಿನ ಆಚೆ ಆ ಹೆಣ್ಣುಮಗಳು ಶಬ್ದ ಕಳಿಸುವ ಪ್ರತಿ ಸಲವೂ ಅವಳ ಬಲಭುಜ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಇಷ್ಟು ಸಾಕು. ಇಪ್ಪತ್ತಾರು ವರ್ಷ ಇದಕ್ಕಿಂತ ಕಡಿಮೆ ಸುಳಿವಿನಿಂದ ಗೋಡೆಯೊಳಗಿನದನ್ನು ಹೇಳಿದವನು ಅವನು. ಭುಜ ಎದ್ದಾಗ ಒತ್ತಿದರೆ ಸಾಕು, ಸುತ್ತಿಗೆ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಭುಜ ಎದ್ದಿತು. ಅವನ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಕೂತಿತು. ಶಾಲೆಯ ಚಾವಣಿ ನೆನಪಾಯಿತು, ಅಲ್ಲಿಯೂ ಒಂದು ಕಡೆ ಕಿವಿ ಕಟ್ಟಿಕೊಂಡಿದೆ ಎಂದುಕೊಂಡಿದ್ದ. ಯಾವ ಕಡೆ ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಸುತ್ತಿಗೆಯಪ್ಪ ಕಣ್ಣು ಮುಚ್ಚಿಕೊಂಡ. ಕತ್ತಲೆಯಲ್ಲಿ ಕೂತು, ಗೋಡೆಗೆ ಕಿವಿಗೊಟ್ಟಂತೆ ಕಿವಿಗೊಟ್ಟು ಕೇಳಿದ. ಬಹಳ ಹೊತ್ತು ಕೇಳಿದ. ಏನೂ ಕೇಳಿಸಲಿಲ್ಲ. ಗುಂಡಿ ಒತ್ತಲಿಲ್ಲ.